ತಮ್ಮನ ಬಂಡೆ, ಅಣ್ಣನ ಕಾವ್ಯ: ವಂಶದಾಖಲೆಗಳನ್ನು ಓದುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕಿರುವ ಸ್ಯಾನ್ ಬ್ರೂನೊ ಎಂಬ ಊರಿನಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಒಂದು ಶಾಖೆಯಿದೆ. ಕೊಲ್ಲಿಯ ನಡುವಣ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ತಡೆದು ವಿಚಾರಿಸಲ್ಪಟ್ಟ ವಲಸಿಗರ ಕಡತಗಳು ಅಲ್ಲಿ ಸಂರಕ್ಷಿತವಾಗಿವೆ. ತಮ್ಮ ಪೂರ್ವಿಕರ ಜೀವನವನ್ನು ಹುಡುಕಿಕೊಂಡು ಹೋಗುವ ಚೀನೀ ಮೂಲದ ಕುಟುಂಬಗಳಿಗೆ ಈ ಕಡತಗಳು ಅಮೂಲ್ಯವಾದವು. ಅಜ್ಜನ ಹೆಸರು, ಅಜ್ಜಿಯ ಊರು, ಮನೆಯಲ್ಲಿದ್ದ ಕೋಣೆಗಳು, ಬೀದಿಯಲ್ಲಿದ್ದ ನೆರೆಯವರು, ಹೀಗೆ ಬೇರೆಲ್ಲಿಯೂ ಸಿಗದ ವಿವರಗಳು ಅವುಗಳಲ್ಲಿವೆ. ಆದರೆ ಈ ವಿವರಗಳ ಹಿಂದೆ ಒಂದು ತೊಡಕಿದೆ. 1882ರ ಬಹಿಷ್ಕಾರದ ಕಾಯಿದೆ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತ್ತು. ಅಮೆರಿಕದ ಪೌರರ ಮಕ್ಕಳಿಗೆ ಅದು ತೆರೆದಿತ್ತು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ನಗರದ ಜನನದ ದಾಖಲೆಗಳು ನಾಶವಾದವು. ತಾವು ಇಲ್ಲಿಯೇ ಹುಟ್ಟಿದವರೆಂದು ಹಲವರು ಹೇಳಿಕೊಂಡರು. ಊರಿನಲ್ಲಿ ತಮಗೆ ಮಕ್ಕಳಿದ್ದಾರೆಂದು ಬರೆಸಿದರು. ಆ ಮಕ್ಕಳ ಹೆಸರಿನಲ್ಲಿ ಬೇರೆಯವರು ಬಂದಿಳಿದರು. ಇವರೇ ಚರಿತ್ರೆಯಲ್ಲಿ ‘ಕಾಗದದ ಮಕ್ಕಳು’ ಎಂದು ಹೆಸರಾದವರು. ಅಧಿಕಾರಿಗಳು ಸಂಶಯದಿಂದ ನೂರಾರು ಪ್ರಶ್ನೆ ಕೇಳುತ್ತಿದ್ದರು. ಬಂದವರು ಬಾಯಿಪಾಠ ಮಾಡಿದ ಉತ್ತರಗಳನ್ನು ಒಪ್ಪಿಸುತ್ತಿದ್ದರು. ತಂದೆಯ ಹೇಳಿಕೆಗೂ ಮಗನ ಹೇಳಿಕೆಗೂ ಒಂದಕ್ಷರದ ವ್ಯತ್ಯಾಸವಿರದಿದ್ದರೂ ಆ ಸಂಬಂಧವೇ ಇಲ್ಲದಿರಬಹುದಾಗಿತ್ತು.

ಗ್ರಂಥಸಂಪಾದನಶಾಸ್ತ್ರವನ್ನು ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಎರಡು ಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಅದು ಮೂಲಪಾಠವೆಂದು ಹೇಳಲಾಗದು. ಒಂದು ಮತ್ತೊಂದರಿಂದ ನಕಲಾಗಿರಬಹುದು, ಎರಡೂ ಒಂದೇ ದೋಷಯುಕ್ತ ಮಾತೃಕೆಯಿಂದ ಇಳಿದಿರಬಹುದು. ಸಾಕ್ಷಿಗಳ ಸಂಖ್ಯೆಗಿಂತ ಅವುಗಳ ಸ್ವಾತಂತ್ರ್ಯ ಮುಖ್ಯ. ಪೂರ್ವಿಕರ ಜೀವನಶೋಧಕ್ಕೂ ಈ ನಿಯಮ ಅನ್ವಯಿಸುತ್ತದೆ. ಕನ್ನಡದ ಮಟ್ಟಿಗೆ ಇದನ್ನು ಚೆನ್ನಾಗಿ ತೋರಿಸಿಕೊಡುವ ನಿದರ್ಶನ ಆದಿಕವಿ ಪಂಪನ ಮನೆತನದ್ದು. ಅಲ್ಲಿ ಅಣ್ಣನ ಕಾವ್ಯ ಒಂದು ಸಾಕ್ಷಿ, ತಮ್ಮನ ಬಂಡೆ ಮತ್ತೊಂದು.

ಕೊಲ್ಲಿ ಪ್ರದೇಶದ ಕನ್ನಡಿಗರು ಮತ್ತು ಕಡಲಾಚೆಯ ಜಾಡು

ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪೂರ್ವಿಕರು ಸ್ಯಾನ್ ಬ್ರೂನೊದ ಆ ಹಳೆಯ ಕಡತಗಳಲ್ಲಿ ಸಿಗುವುದು ಅಪರೂಪ. ಅದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. 1917ರ ವಲಸೆ ಕಾಯಿದೆ ಭಾರತವನ್ನೂ ಒಳಗೊಂಡ ಏಷ್ಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರಿಗೆ ಪೌರತ್ವದ ಅರ್ಹತೆಯಿಲ್ಲವೆಂದು ತೀರ್ಮಾನಿಸಿತು. 1946ರ ಕಾಯಿದೆ ಪೌರತ್ವದ ಹಕ್ಕನ್ನು ಕೊಟ್ಟಿತಾದರೂ ವರ್ಷಕ್ಕೆ ನೂರು ಮಂದಿಯ ಮಿತಿಯನ್ನು ಇರಿಸಿತು. 1965ರ ಕಾಯಿದೆಯ ಅನಂತರವೇ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ ಮೊದಲಾಯಿತು. ಹೀಗಾಗಿ ಅಲ್ಲಿ ಹುಟ್ಟಿ ಬೆಳೆದ ಪೀಳಿಗೆಯವರು ತಮ್ಮ ಮುತ್ತಜ್ಜನನ್ನು ಅರಸಹೊರಟರೆ ಜಾಡು ಒಂದೆರಡು ತಲೆಮಾರಿನೊಳಗೆ ಕಡಲನ್ನು ದಾಟಿ ಹಿಂದಿರುಗುತ್ತದೆ.

ಆ ಜಾಡಿನ ಮೊದಲ ತೊಡಕು ಹೆಸರಿನದು. ಊರಿನ ಹೆಸರು, ತಂದೆಯ ಹೆಸರು, ಅನಂತರ ತನ್ನ ಹೆಸರು ಎಂಬ ಕ್ರಮ ಕರ್ನಾಟಕದ ಅನೇಕ ಮನೆತನಗಳಲ್ಲಿ ರೂಢಿ. ಅಮೆರಿಕದ ಅರ್ಜಿ ನಮೂನೆಗಳು ಕುಲನಾಮವೊಂದನ್ನು ಕೇಳುತ್ತವೆ. ಅಲ್ಲಿ ಒಬ್ಬನು ಊರನ್ನು ಬರೆದರೆ ಮತ್ತೊಬ್ಬನು ತಂದೆಯ ಹೆಸರನ್ನು ಬರೆಯುತ್ತಾನೆ. ಒಡಹುಟ್ಟಿದ ಇಬ್ಬರಿಗೆ ಎರಡು ಕುಲನಾಮಗಳಾಗುತ್ತವೆ. ಊರಿನಲ್ಲಿ ‘ಯಾವ ಊರಿನವರು, ಯಾರ ಮಗ’ ಎಂಬ ಪ್ರಶ್ನೆಗೆ ಉತ್ತರವಾಗಿದ್ದ ಪದವು ಇಲ್ಲಿ ತನ್ನ ಅರ್ಥವನ್ನು ಕಳೆದುಕೊಂಡು ಬರಿಯ ಗುರುತಾಗಿ ಉಳಿಯುತ್ತದೆ.

ಎರಡನೆಯ ತೊಡಕು ದಾಖಲೆಯ ಸ್ವರೂಪದ್ದು. ಕರ್ನಾಟಕದಲ್ಲಿ ವಂಶಾವಳಿಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಹೆಳವರು ಪ್ರಮುಖರು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿಕೊಂಡು, ಮನೆಮನೆಗೆ ಹೋಗಿ ಆ ಮನೆತನದ ಪೂರ್ವಿಕರನ್ನು ಹೆಸರಿಸಿ ಹೊಗಳುವುದು ಅವರ ವೃತ್ತಿ. ಹೊಸದಾಗಿ ಹುಟ್ಟಿದವರ ಹೆಸರು ಅವರ ಹೊತ್ತಗೆಗೆ ಸೇರುತ್ತದೆ. ಮನೆಯವರು ದವಸವನ್ನೋ ಹಣವನ್ನೋ ಕೊಟ್ಟು ಕಳುಹಿಸುತ್ತಾರೆ. ಮೂಲಸ್ಥಳ ಯಾವುದು, ಯಾವ ಊರಿನಿಂದ ಎಲ್ಲಿಗೆ ವಲಸೆ ಬಂದರು ಎಂಬುದನ್ನು ಹೇಳಬಲ್ಲವರು ಎಷ್ಟೋ ಕಡೆ ಅವರೊಬ್ಬರೇ. ಆದರೆ ಆ ವಂಶಾವಳಿ ಸಾಮಾನ್ಯವಾಗಿ ಗಂಡುಸಂತಾನದ ಎಳೆಯನ್ನು ಹಿಡಿದು ಸಾಗುತ್ತದೆ. ಸೊಸೆಯಾಗಿ ಬಂದವಳ ತವರು, ಮಗಳಾಗಿ ಹೋದವಳ ಮನೆ ಅದರಿಂದ ಜಾರಿಹೋಗುತ್ತವೆ. ಹೊಗಳಿಕೆಗೆ ಸಂಭಾವನೆ ಸಲ್ಲುವ ಕಡೆ ಹೊಗಳಲಾಗದ ಪೂರ್ವಿಕನು ಹಿಂದೆ ಸರಿಯುವುದೂ ಸಹಜ. ಏಂಜೆಲ್ ದ್ವೀಪದ ಕಡತ ಸಂಶಯದಿಂದ ಹುಟ್ಟಿದ್ದು, ಹೆಳವರ ಹೊತ್ತಗೆ ಪ್ರಶಂಸೆಯಿಂದ ಹುಟ್ಟಿದ್ದು. ಹುಟ್ಟಿದ ಉದ್ದೇಶವನ್ನು ಅರಿಯದೆ ಎರಡನ್ನೂ ಓದುವಂತಿಲ್ಲ.

ಅಣ್ಣನ ಕಾವ್ಯ ಹೇಳುವುದು

ಪಂಪನು ತನ್ನ ಮನೆತನದ ಕಥೆಯನ್ನು ವಿಕ್ರಮಾರ್ಜುನವಿಜಯದ ಕೊನೆಯ ಆಶ್ವಾಸದಲ್ಲಿ ಹೇಳಿಕೊಂಡಿದ್ದಾನೆ. ವೆಂಗಿಮಂಡಲದ ವೆಂಗಿಪಳು ಅವನ ಪೂರ್ವಿಕರ ನೆಲೆ. ಅಲ್ಲಿನ ಅಗ್ರಹಾರಗಳಿಗೆ ಒಡೆಯನಾಗಿದ್ದ, ವತ್ಸಗೋತ್ರದ ಮಾಧವ ಸೋಮಯಾಜಿಯಿಂದ ವಂಶಕಥನ ಮೊದಲಾಗುತ್ತದೆ. ಅವನ ಮಗ ಅಭಿಮಾನಚಂದ್ರ. ಅವನ ಮಗ ಕೊಮರಯ್ಯ. ಅವನ ಮಗ ಅಭಿರಾಮದೇವರಾಯ. ಅವನ ಮಗ ಪಂಪ. ಸೋಮಯಾಜಿಯು ಯಜ್ಞಗಳನ್ನು ಮಾಡಿ ಹೆಸರಾದವನು. ಆ ಹೋಮಧೂಮದಿಂದ ಅವನ ಕೀರ್ತಿ ಕಪ್ಪಾಯಿತೆಂದು ಮರಿಮೊಮ್ಮಗನ ಮಗನಾದ ಕವಿ ಹೇಳುತ್ತಾನೆ. ಹೊಗಳಿಕೆಯ ಜಾಗದಲ್ಲಿ ನಿಂತ ಈ ಟೀಕೆ ಆಕಸ್ಮಿಕವಲ್ಲ. ಕಥನ ಸಾಗುವುದು ಅಭಿರಾಮದೇವರಾಯನ ಕಡೆಗೆ: ಜಾತಿಗಳಲ್ಲಿ ಉತ್ತಮವೆನಿಸಿದ ವಿಪ್ರಕುಲಕ್ಕೆ ತಕ್ಕುದು ಜಿನಧರ್ಮವೇ ಎಂದು ತಿಳಿದು ಅವನು ಅದನ್ನು ಸ್ವೀಕರಿಸಿದನು. ಯಜ್ಞದಿಂದ ತೊಡಗಿ ಅಹಿಂಸೆಯಲ್ಲಿ ನಿಲ್ಲುವ ದಾರಿಯಾಗಿ ಕವಿ ತನ್ನ ವಂಶವನ್ನು ರೂಪಿಸಿದ್ದಾನೆ. ಐದು ತಲೆಮಾರುಗಳ ಪಟ್ಟಿಗೆ ಒಂದು ವಾದದ ಆಕಾರವಿದೆ.

ತನ್ನ ಕಾಲವನ್ನೂ ಕವಿ ತಿಳಿಸಿದ್ದಾನೆ. ದುಂದುಭಿ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 902ರಲ್ಲಿ ಅವನ ಜನನ. ಆದಿಪುರಾಣ ಮುಗಿದದ್ದು ಕ್ರಿ.ಶ. 941ರ ಸುಮಾರಿಗೆ. ವೇಮುಲವಾಡದ ಚಾಲುಕ್ಯ ದೊರೆ ಎರಡನೆಯ ಅರಿಕೇಸರಿ ಅವನಿಗೆ ಬಚ್ಚೆಸಾಸಿರದ ಧರ್ಮವುರವನ್ನು ಅಗ್ರಹಾರವಾಗಿ ಕೊಟ್ಟನು. ಇಷ್ಟೆಲ್ಲವನ್ನೂ ಹೇಳಿದ ಕವಿ ತಾಯಿಯ ಹೆಸರನ್ನು ಹೇಳಲಿಲ್ಲ, ತಮ್ಮನೊಬ್ಬನಿದ್ದನೆಂಬುದನ್ನೂ ಹೇಳಲಿಲ್ಲ. ಬಿ. ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದಾಗಲೂ, ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಹೊರಬಂದಾಗಲೂ ಪಂಪನ ಮನೆತನವೆಂದರೆ ಗಂಡಸರದೇ ಒಂದು ಸಾಲು.

ತಮ್ಮನ ಬಂಡೆ ಹೇಳುವುದು

ತೆಲಂಗಾಣದ ಕರೀಂನಗರ ಸೀಮೆಯಲ್ಲಿ, ಗಂಗಾಧರ ಮತ್ತು ಕುರಿಕ್ಯಾಲ ಗ್ರಾಮಗಳ ಬಳಿ, ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅದರ ಬಂಡೆಯ ಮೇಲೆ ಜಿನಬಿಂಬಗಳು, ಚಕ್ರೇಶ್ವರಿಯ ಮೂರ್ತಿ ಮತ್ತು ಅವುಗಳ ಬಳಿ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆದ ಶಾಸನವಿದೆ. ತೆಲುಗಿನ ಭಾಗ ಕಂದಪದ್ಯಗಳಲ್ಲಿದ್ದು, ಆ ಭಾಷೆಯ ಛಂದಸ್ಸಿನ ಚರಿತ್ರೆಯಲ್ಲಿಯೂ ಅದಕ್ಕೆ ದೊಡ್ಡ ಸ್ಥಾನವಿದೆ. ಇದನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ವೃಷಭಗಿರಿಯೆಂದು ತಾನು ಕರೆಯುವ ಈ ಬೆಟ್ಟದಲ್ಲಿ ಜಿನಬಿಂಬಗಳನ್ನು ಕಡೆಯಿಸಿದುದನ್ನೂ ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಇವುಗಳನ್ನು ಮಾಡಿಸಿದುದನ್ನೂ ಅವನು ದಾಖಲಿಸಿದ್ದಾನೆ. ಕವಿತಾಗುಣಾರ್ಣವ ಎಂಬುದು ಅಣ್ಣನ ಬಿರುದು. ತಮ್ಮನು ಅದನ್ನು ಕೆರೆಗೆ ಇಟ್ಟನು.

ಈ ಶಾಸನದ ಕನ್ನಡ ಭಾಗದಲ್ಲಿ ಜಿನವಲ್ಲಭನು ತಾನು ಯಾರೆಂಬುದನ್ನು ಹೇಳಿಕೊಂಡ ಬಗೆ ಗಮನಾರ್ಹವಾದುದು. ವೆಂಗಿನಾಡಿನ ಊರು, ಗೋತ್ರ, ಅಭಿಮಾನಚಂದ್ರನ ಮೊಮ್ಮಗನಾದ ಭೀಮಪಯ್ಯ, ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳಾದ ಅಬ್ಬಣಬ್ಬೆ, ಇವರಿಬ್ಬರ ಮಗ ತಾನು, ಪಂಪನ ತಮ್ಮ. ತಂದೆಯ ಕಡೆಗೆ ಎಷ್ಟು ಮಾತೋ ತಾಯಿಯ ಕಡೆಗೂ ಅಷ್ಟೇ ಮಾತು: ಊರು, ಅಜ್ಜ, ಹೆಸರು. ನಾಡು, ಊರು, ಎರಡೂ ಕಡೆಯ ಹಿರಿಯರು, ಒಡಹುಟ್ಟು ಇವೆಲ್ಲ ಸೇರಿದ ಈ ಮಾತು ಯಾವ ಪತ್ರಾಗಾರದ ನಮೂನೆಗೂ ಕಡಿಮೆಯಿಲ್ಲದ ಪರಿಪೂರ್ಣ ದಾಖಲೆ.

ಹೊಂದಿಕೆ ಮತ್ತು ವ್ಯತ್ಯಾಸ

ಈಗ ಎರಡು ಸಾಕ್ಷಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಕಾವ್ಯದಲ್ಲಿ ತಂದೆಯ ಹೆಸರು ಅಭಿರಾಮದೇವರಾಯ; ಶಾಸನದಲ್ಲಿ ಭೀಮಪಯ್ಯ. ಮೇಲುನೋಟಕ್ಕೆ ಇದು ವಿರೋಧ. ಆದರೆ ತಲೆಮಾರುಗಳನ್ನು ಎಣಿಸಿದರೆ ವಿರೋಧ ಕರಗುತ್ತದೆ. ಕಾವ್ಯದ ಪ್ರಕಾರ ಅಭಿಮಾನಚಂದ್ರನ ಮಗ ಕೊಮರಯ್ಯ, ಕೊಮರಯ್ಯನ ಮಗ ಅಭಿರಾಮದೇವರಾಯ. ಎಂದರೆ ಪಂಪನ ತಂದೆ ಅಭಿಮಾನಚಂದ್ರನ ಮೊಮ್ಮಗ. ಶಾಸನವೂ ಭೀಮಪಯ್ಯನನ್ನು ಅಭಿಮಾನಚಂದ್ರನ ಮೊಮ್ಮಗನೆಂದೇ ಹೇಳುತ್ತದೆ. ಕೊಮರಯ್ಯನ ಹೆಸರನ್ನು ಹೇಳದೆ ಅವನ ಸ್ಥಾನವನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಅಭಿರಾಮದೇವರಾಯನೂ ಭೀಮಪಯ್ಯನೂ ಒಬ್ಬನೇ. ಒಂದು ಕಾವ್ಯದ ಘನತೆಗೆ ಹೊಂದುವ ಹೆಸರು, ಮತ್ತೊಂದು ಮನೆಯ ನಿತ್ಯದ ಹೆಸರು ಎಂದು ತಿಳಿಯುವುದು ಯುಕ್ತ.

ಇಲ್ಲಿ ವ್ಯತ್ಯಾಸವೇ ಪ್ರಾಮಾಣ್ಯಕ್ಕೆ ಆಧಾರವಾಗಿರುವುದನ್ನು ಮರೆಯುವಂತಿಲ್ಲ. ತಮ್ಮನು ಅಣ್ಣನ ಕಾವ್ಯವನ್ನು ಮುಂದಿಟ್ಟುಕೊಂಡು ವಂಶವನ್ನು ಬರೆಯಿಸಿದ್ದರೆ ಅಭಿರಾಮದೇವರಾಯನೆಂಬ ಹೆಸರೇ ಬಂಡೆಯ ಮೇಲೆ ಬರುತ್ತಿತ್ತು. ಸೋಮಯಾಜಿಯೂ ಅವನ ಹಿಂದೆ ಬರುತ್ತಿದ್ದನು. ಹಾಗಾಗಿಲ್ಲ. ಹೆಸರಿನಲ್ಲಿ ಭಿನ್ನವಾಗಿ, ತಲೆಮಾರಿನ ಲೆಕ್ಕದಲ್ಲಿ ಒಂದಾಗಿ ನಿಲ್ಲುವ ಈ ಎರಡು ಕಥನಗಳು ಒಂದರ ನಕಲು ಮತ್ತೊಂದಲ್ಲ. ಕಾಗದದ ಮಕ್ಕಳ ಕಡತಗಳಲ್ಲಿ ಪೂರ್ಣವಾದ ಹೊಂದಿಕೆ ಸಂಶಯವನ್ನು ಹುಟ್ಟಿಸುವುದಾದರೆ, ಇಲ್ಲಿ ಅಪೂರ್ಣವಾದ ಹೊಂದಿಕೆ ನಂಬಿಕೆಯನ್ನು ಹುಟ್ಟಿಸುತ್ತದೆ.

ಒಂದು ಪದದ ಅರ್ಥದ ಮೇಲೆ ಇಡೀ ವಾದ ನಿಂತಿರುವುದೂ ಗಮನಿಸತಕ್ಕದ್ದು. ಹಳಗನ್ನಡದಲ್ಲಿ ಮರ್ಮ ಎಂದರೆ ಮೊಮ್ಮಗ, ಮರ್ಮಳ್ ಎಂದರೆ ಮೊಮ್ಮಗಳು. ಜೋಯಿಸ ಸಿಂಘನನ್ನು ಅಬ್ಬಣಬ್ಬೆಯ ತಂದೆಯೆಂದು ಸರಳವಾಗಿ ಹೇಳಿಬಿಡುವ ಬರಹಗಳುಂಟು. ಹಾಗೆ ಓದಿದರೆ ಒಂದು ತಲೆಮಾರು ಕುಸಿಯುತ್ತದೆ. ಅದೇ ಪದವನ್ನು ಅಭಿಮಾನಚಂದ್ರನ ವಿಷಯದಲ್ಲಿ ತಪ್ಪಾಗಿ ತಿಳಿದರೆ ಕೊಮರಯ್ಯನೇ ಇಲ್ಲವಾಗಿ, ಕಾವ್ಯಕ್ಕೂ ಶಾಸನಕ್ಕೂ ನಿಜವಾದ ವಿರೋಧವೇ ಉಂಟಾಗುತ್ತದೆ. ಬಂಧುತ್ವವಾಚಕಗಳ ಅರ್ಥವನ್ನು ಆಯಾ ಕಾಲದ ಭಾಷೆಯಲ್ಲಿಯೇ ನಿರ್ಣಯಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತಾಯಿಯ ಊರು, ಕವಿಯ ನುಡಿ

ಅಬ್ಬಣಬ್ಬೆಯ ಹೆಸರು ದೊರೆತುದರಿಂದ ಪಂಪನ ವಂಶವೃಕ್ಷದಲ್ಲಿ ಒಂದು ತೆರವು ತುಂಬಿತು ಎಂದಷ್ಟೇ ಹೇಳಿದರೆ ಸಾಲದು. ಕವಿಯ ಭಾಷೆಯ ಬಗೆಗಿದ್ದ ಒಂದು ಪ್ರಶ್ನೆಯೂ ಅದರಿಂದ ಹೊಸ ಬೆಳಕನ್ನು ಪಡೆಯಿತು. ತಂದೆಯ ಕಡೆಯಿಂದ ವೆಂಗಿಯವನಾಗಿ, ವೇಮುಲವಾಡದ ಆಸ್ಥಾನದಲ್ಲಿದ್ದುಕೊಂಡು ಬರೆದ ಕವಿ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡವೆಂದು ಹೇಳಿಕೊಂಡನು. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಪುಲಿಗೆರೆ ಮುನ್ನೂರು ಮತ್ತು ಬೆಳ್ವೊಲ ಮುನ್ನೂರು ನೆರೆಹೊರೆಯ ನಾಡುಗಳು. ಶಾಸನಗಳಲ್ಲಿ ‘ಎರಡರುನೂರು’ ಎಂದು ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ. ಅಣ್ಣಿಗೆರೆ ಇರುವುದು ಬೆಳ್ವೊಲದಲ್ಲಿ. ಅಂದರೆ ಪುಲಿಗೆರೆಯ ಕನ್ನಡ ಕವಿಗೆ ತಾಯಿಯ ತವರಿನ ಸೀಮೆಯ ಕನ್ನಡ. ಪಂಪನು ಬಾಲ್ಯವನ್ನು ಎಲ್ಲಿ ಕಳೆದನೆಂಬುದನ್ನು ಇದರಿಂದ ಸಾಧಿಸಲಾಗದು. ಅವನು ಅಣ್ಣಿಗೆರೆಯಲ್ಲಿ ಹುಟ್ಟಿದನೆಂದು ಶಾಸನ ಹೇಳುವುದೂ ಇಲ್ಲ. ಆದರೆ ವೆಂಗಿಯಿಂದ ಪುಲಿಗೆರೆಗೆ ಮನೆಯೊಳಗಿಂದಲೇ ಒಂದು ದಾರಿಯಿತ್ತೆಂಬುದು ನಿಶ್ಚಯ. ಗಂಡುಸಂತಾನದ ಸಾಲನ್ನಷ್ಟೇ ಹಿಡಿದು ನಡೆದವರಿಗೆ ಆ ದಾರಿ ಕಾಣುವಂತಿರಲಿಲ್ಲ.

ಹೆಸರೊಂದು, ಮನುಷ್ಯರಿಬ್ಬರು

ಈಗಿನ ವಂಶಶೋಧಕರು ಅಂತರಜಾಲದ ಸಾಧನಗಳಲ್ಲಿ ಹೆಚ್ಚಾಗಿ ಎಡವುವುದು ಸಮಾನನಾಮಗಳಲ್ಲಿ. ಹೆಸರೂ ಕಾಲವೂ ಹತ್ತಿರವಾಗಿದ್ದರೆ ಇಬ್ಬರು ಒಬ್ಬರಾಗುತ್ತಾರೆ, ಎರಡು ವೃಕ್ಷಗಳು ಬೆಸೆದುಕೊಳ್ಳುತ್ತವೆ. ಹತ್ತನೆಯ ಶತಮಾನವೂ ಇಂಥದೇ ಒಂದು ಬಲೆಯನ್ನು ಒಡ್ಡಿದೆ. ರನ್ನನು ಅಜಿತಪುರಾಣದಲ್ಲಿ ತನ್ನ ಕುಟುಂಬದ ವಿವರಗಳನ್ನು ಕೊಟ್ಟಿದ್ದಾನೆ: ಊರು ಮುದುವೊಳಲು, ಎಂದರೆ ಮುಧೋಳ, ಬಳೆಗಾರರ ಮನೆತನ, ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಪಂಪನ ತಮ್ಮ ಜಿನವಲ್ಲಭ, ರನ್ನನ ತಂದೆ ಜಿನವಲ್ಲಭ. ಒಬ್ಬರ ತಾಯಿ ಅಬ್ಬಣಬ್ಬೆ, ಮತ್ತೊಬ್ಬರ ಹೆಂಡತಿ ಅಬ್ಬಲಬ್ಬೆ. ಇಬ್ಬರೂ ಜೈನರು, ಇಬ್ಬರೂ ಆ ಶತಮಾನದವರು. ಹೆಸರನ್ನಷ್ಟೇ ನೋಡುವವನಿಗೆ ರನ್ನನು ಪಂಪನ ತಮ್ಮನ ಮಗನಾಗಲು ತಡವಿಲ್ಲ. ಕುಲ, ಊರು, ವೃತ್ತಿ ಈ ಮೂರೂ ಬೇರೆಯಾಗಿರುವುದರಿಂದ ಆ ಊಹೆ ನಿಲ್ಲದು.

ಅದೇ ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಂದು ಚಾವುಂಡರಾಯನ ನೆನಪಿಗೆ, ಮತ್ತೊಂದು ತನ್ನ ಕಾವ್ಯಕ್ಕೆ ಆಶ್ರಯವಿತ್ತ ದಾನಚಿಂತಾಮಣಿಯ ನೆನಪಿಗೆ. ಕುಟುಂಬವು ಮಕ್ಕಳಿಗಿಡುವ ಹೆಸರು ರಕ್ತಸಂಬಂಧವನ್ನೇ ಸೂಚಿಸಬೇಕೆಂದಿಲ್ಲ, ಋಣವನ್ನೂ ಸೂಚಿಸಬಹುದು.

ಒಬ್ಬ ಹೆಣ್ಣುಮಗಳ ಮೂರು ಸಾಕ್ಷಿಗಳು

ಆ ಅತ್ತಿಮಬ್ಬೆಯ ಜೀವನವೂ ಹೀಗೆಯೇ ಬೇರೆಬೇರೆ ದಾಖಲೆಗಳಿಂದ ಕೂಡಿಬರುವಂಥದು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ವೆಂಗಿನಾಡಿನ ಮೂಲದವರು. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಆ ಕಾವ್ಯ ತವರುಮನೆಯ ಸಾಕ್ಷಿ. ಕ್ರಿ.ಶ. 993ರ ಅಜಿತಪುರಾಣ ಅವಳ ಬಾಳಿನ ಸಾಕ್ಷಿ: ತಂಗಿ ಗುಂಡಮಬ್ಬೆಯೊಡನೆ ನಾಗದೇವನ ಕೈಹಿಡಿದುದು, ಅವನು ಮಡಿದಾಗ ತಂಗಿ ಸಹಗಮನ ಮಾಡಿದುದು, ತಾನು ಉಳಿದು ಮಗನನ್ನು ಬೆಳೆಸುತ್ತ ವ್ರತದಲ್ಲಿ ನಡೆದುದು. ಕ್ರಿ.ಶ. 1007ರ ಲಕ್ಕುಂಡಿಯ ಶಾಸನ ಅವಳ ಧರ್ಮಕಾರ್ಯದ ಸಾಕ್ಷಿ. ಅಲ್ಲಿ ಬಸದಿಯನ್ನು ಕಟ್ಟಿಸಿದ ಹಿರಿಯಳಾಗಿ, ಅಧಿಕಾರದಲ್ಲಿದ್ದ ಮಗನ ತಾಯಿಯಾಗಿ ಅವಳು ನಿಂತಿದ್ದಾಳೆ. ಮೂರೂ ಪ್ರಶಂಸೆಯ ಬರಹಗಳೇ. ಆದರೆ ಹೊಗಳುವ ಕಾರಣಗಳು ಬೇರೆಯಾದುದರಿಂದ ಒಂದು ಬಿಟ್ಟುದನ್ನು ಮತ್ತೊಂದು ಹಿಡಿದಿದೆ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಅವಳ ಖ್ಯಾತಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದಕ್ಕೆ ಇನ್ನೊಂದು ಅರ್ಥವೂ ಕಾಣುತ್ತದೆ. ಅವಳು ಹಂಚಿದ್ದು ತನ್ನ ತಂದೆ ಬರೆಯಿಸಿದ ಕೃತಿಯನ್ನು. ತವರಿನ ದಾಖಲೆಯನ್ನು ಕಾಪಾಡಿದವಳು ಮಗಳು.

ಏಂಜೆಲ್ ದ್ವೀಪದ ಮರದ ಗೋಡೆಗಳ ಮೇಲೆ ಬಂಧಿತರು ಕೆತ್ತಿದ ಚೀನೀ ಕವಿತೆಗಳು ಇಂದಿಗೂ ಉಳಿದಿವೆ. ಕಡತಗಳಲ್ಲಿ ಹೆಸರು, ವಂಶ ಎಲ್ಲವೂ ಇವೆ, ಆದರೆ ಅವು ನಿಜವೋ ಅಲ್ಲವೋ ಎಂದು ವಿಚಾರಿಸಬೇಕಾಗುತ್ತದೆ. ಗೋಡೆಯ ಮೇಲಿನ ದುಃಖ ನಿಜವಾದುದು, ಆದರೆ ಬಹುಪಾಲು ಕವಿತೆಗಳಿಗೆ ಕವಿಯ ಹೆಸರಿಲ್ಲ. ವೃಷಭಗಿರಿಯ ಬಂಡೆಯ ಮೇಲೆ ಇವೆರಡೂ ಕೂಡಿವೆ. ಅಲ್ಲಿ ಪದ್ಯವೂ ಇದೆ, ಪದ್ಯವನ್ನು ಬರೆಯಿಸಿದವನ ತಾಯಿಯ ಹೆಸರೂ ಇದೆ. ಕೊಲ್ಲಿ ಪ್ರದೇಶದಲ್ಲಿ ಕುಳಿತು ಮುತ್ತಜ್ಜನನ್ನು ಹುಡುಕುವ ಕನ್ನಡ ಕುಟುಂಬಕ್ಕೆ ಹತ್ತನೆಯ ಶತಮಾನದ ಈ ಮನೆತನದಿಂದ ದೊರೆಯುವ ಉಪದೇಶ ಕಡಿಮೆಯದಲ್ಲ. ಕೀರ್ತಿವಂತನಾದ ಹಿರಿಯನು ತನ್ನ ಬಗೆಗೆ ಬರೆದಿಟ್ಟುದು ಒಂದು ಪ್ರತಿ ಮಾತ್ರ. ಅವನ ಮಾತಿನಲ್ಲಿ ಬಾರದ ಒಡಹುಟ್ಟಿದವನ ಬಳಿಯಲ್ಲಿ, ಮದುವೆಯಾಗಿ ಹೋದ ಮಗಳ ಮನೆಯಲ್ಲಿ, ಅಜ್ಜಿಯ ತವರೂರಿನಲ್ಲಿ ಇನ್ನೊಂದು ಪ್ರತಿ ಇರಬಹುದು. ಅದು ಮೊದಲನೆಯದಕ್ಕೆ ಅಕ್ಷರಶಃ ಹೊಂದದಿದ್ದರೆ ಎದೆಗುಂದಬೇಕಾಗಿಲ್ಲ. ಅಭಿರಾಮದೇವರಾಯನು ಮನೆಯಲ್ಲಿ ಭೀಮಪಯ್ಯನಾಗಿದ್ದನೆಂಬುದು ತಿಳಿದದ್ದು ಎರಡು ಪಾಠಗಳು ಹೊಂದದೆ ಹೋದುದರಿಂದ.